ಮೆಟ್ಟು ಜಾರಿದ್ದು ಗೊತ್ತಾಗದ ಕಾಲು

ನಮ್ಮ ಕೋಣೆಗೆ ಬರುವವರು ಮೆಟ್ಟು ಹೊರಗೆ ಬಿಟ್ಟು ಬರುತ್ತಾರೆ. ಅವತ್ತು ಬಂದವರು ಬಿಟ್ಟದ್ದು ಒಂದೇ ಮೆಟ್ಟು. ಇನ್ನೊಂದು ಕಾರಿಡಾರಿನ ನಡುವೆ ಬಿದ್ದಿತ್ತು. ಅದು ಕಾಲಿನಿಂದ ಯಾವಾಗ ಜಾರಿತು ಅಂತ ಅವರಿಗೇ ಗೊತ್ತಿರಲಿಲ್ಲ. ಹಿಂದೆ ಬರುತ್ತಿದ್ದ ಹೆಂಡತಿ ಅದನ್ನು ಕೈಯಲ್ಲಿ ಹಿಡಿದು ತಂದರು. "ದಿನಾ ಇದೇ ಕನ್ ಸಾ," ಅಂದರು. "ಊರಲ್ಲೆಲ್ಲಾ ಇವರ ಮೆಟ್ಟು ಆಯ್ಕೊಂಡು ಓಡಾಡೋದೇ ನನ್ ಕೆಲ್ಸ ಆಗದೆ."

ಪಾಂಡವಪುರದ ಕಡೆಯ ರೈತ. ವಯಸ್ಸು ಐವತ್ತರ ಹತ್ತಿರ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಎಚ್‌ಐವಿ ಇರುವುದು ಗೊತ್ತಾಗಿ ಹದಿನೈದು ವರ್ಷದ ಮೇಲಾಗಿತ್ತು. ಮಾತ್ರೆ ತಪ್ಪಿಸಿದವರಲ್ಲ. ಆದರೂ ಎರಡು ವರ್ಷದಿಂದ ನಡಿಗೆ ಕೆಡುತ್ತಾ ಬಂದಿತ್ತು. ಸಂಜೆ ಮಬ್ಬಾದ ಮೇಲೆ ಗದ್ದೆ ಬದುವಿನ ಮೇಲೆ ನಡೆದು ಬರುವಾಗ ಎರಡು ಸಲ ಕೆಸರಿಗೆ ಬಿದ್ದಿದ್ದರು. ಊರಿನವರಿಗೆ ಕಾರಣ ಹುಡುಕುವುದು ಕಷ್ಟವಾಗಲಿಲ್ಲ: ಎಣ್ಣೆ ಹಾಕವ್ನೆ. "ಕುಡುದಿದ್ರಾದ್ರೂ ಒಂದ್ ಲೆಕ್ಕ ಆಗಿರದು," ಅಂತ ಅವರು ನಕ್ಕರು. ಅವರು ಎಣ್ಣೆ ಮುಟ್ಟಿದವರೇ ಅಲ್ಲ.

ನಾನು ಮೈಸೂರಿನಲ್ಲಿ ಫಿಸಿಯೋಥೆರಪಿ ಮಾಡುವವನು. ಜನ ನಡೆಯುವುದನ್ನು ನೋಡುವುದೇ ನನ್ನ ಕೆಲಸ. ಎಚ್‌ಐವಿ ಅಂದರೆ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ ಅನ್ನುವುದು ಈಗ ಎಲ್ಲರಿಗೂ ಗೊತ್ತು. ಅದೇ ವೈರಸ್ ನರ, ಬೆನ್ನುಹುರಿ, ಮೆದುಳಿಗೂ ಕೈ ಹಾಕುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಿದ್ದವರು ಹೇಳುವ ಮಾತೊಂದಿದೆ. ಅದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ: "ಈ ಕಾಯಿಲೆ ಅಂದ್ಮೇಲೆ ಇದೆಲ್ಲಾ ಇದ್ದದ್ದೇ." ಇದ್ದದ್ದೇ ಅಲ್ಲ. ನಡಿಗೆ ಹೇಗೆ ಕೆಟ್ಟಿದೆ ಅಂತ ನೋಡಿದರೆ ತೊಂದರೆ ಎಲ್ಲಿದೆ ಅಂತ ಸುಮಾರಾಗಿ ತಿಳಿಯುತ್ತದೆ. ಎಷ್ಟು ಬೇಗ ಕೆಟ್ಟಿತು ಅಂತ ಕೇಳಿದರೆ ಕಾರಣದ ಸುಳಿವು ಸಿಗುತ್ತದೆ. ಆ ಕಾರಣಗಳಲ್ಲಿ ಎಷ್ಟೋ ವಾಸಿ ಮಾಡಬಹುದಾದವು.

ಮೊದಲು ನಿಲ್ಲುವುದರ ವಿಷಯ ನೋಡೋಣ. ನಾವು ಬೀಳದೆ ನಿಂತಿರುತ್ತೇವಲ್ಲ, ಅದಕ್ಕೆ ಮೂರು ಕಡೆಯಿಂದ ಸುದ್ದಿ ಬರುತ್ತಿರಬೇಕು. ಕಣ್ಣು ಒಂದು. ಒಳಕಿವಿಯ ಸಮತೋಲನದ ಅಂಗ ಎರಡನೆಯದು. ಪಾದ ಮತ್ತು ಕೀಲುಗಳಿಂದ ಬರುವ "ನಾನು ಇಲ್ಲಿದ್ದೇನೆ, ಹೀಗೆ ಬಾಗಿದ್ದೇನೆ" ಅನ್ನುವ ಸುದ್ದಿ ಮೂರನೆಯದು. ಒಂದು ಕಡೆಯ ಸುದ್ದಿ ನಿಂತರೂ ಉಳಿದ ಎರಡರಲ್ಲಿ ಸಂಭಾಳಿಸಬಹುದು. ಎರಡು ನಿಂತರೆ ಬಿದ್ದೇ ಬೀಳುತ್ತೇವೆ.

ಅವರನ್ನು ಎರಡೂ ಪಾದ ಜೋಡಿಸಿ ನಿಲ್ಲಲು ಹೇಳಿದೆ. ನಿಂತರು. "ಈಗ ಕಣ್ಣು ಮುಚ್ಚಿ" ಅಂದೆ. ಎರಡು ಸೆಕೆಂಡಿನಲ್ಲಿ ಮರ ವಾಲಿದ ಹಾಗೆ ವಾಲಿದರು. ಹಿಡಿದುಕೊಳ್ಳಲು ನಾನು ಮೊದಲೇ ಕೈ ಚಾಚಿಕೊಂಡಿದ್ದೆ. ಹತ್ತೊಂಬತ್ತನೇ ಶತಮಾನದಲ್ಲಿ ಬರ್ಲಿನ್ನಿನ ವೈದ್ಯ ರೋಂಬರ್ಗ್ ಹೇಳಿಕೊಟ್ಟ ಪರೀಕ್ಷೆ ಇದು. ಕಾಸು ಖರ್ಚಿಲ್ಲ. ಪಾದದ ಸುದ್ದಿ ನಿಂತಿರುವವರು ಕಣ್ಣಿನ ಆಸರೆಯಲ್ಲೇ ನಿಂತಿರುತ್ತಾರೆ. ಕಣ್ಣು ಮುಚ್ಚಿಸಿದರೆ ಆ ಆಸರೆಯೂ ಹೋಗುತ್ತದೆ.

"ಬಚ್ಚಲಲ್ಲಿ ಮುಖಕ್ಕೆ ಸೋಪ್ ಹಾಕ್ಕೊಂಡಾಗಲೂ ಹಿಂಗೇ ಆಯ್ತದೆ," ಅಂದರು. ಸೋಪು ಹಚ್ಚಿದರೆ ಕಣ್ಣು ಮುಚ್ಚಲೇಬೇಕಲ್ಲ. ಗದ್ದೆ ಬದುವಿನ ಮೇಲೆ ಬಿದ್ದದ್ದೂ ಇದಕ್ಕೇ. ಬೆಳಕಿರುವಾಗ ಕಣ್ಣು ಕಾಲನ್ನು ಕಾಯುತ್ತಿತ್ತು. ಮಬ್ಬಾದ ಮೇಲೆ ಕಾಯುವವರು ಯಾರೂ ಇರಲಿಲ್ಲ.

ಹಾಗಾದರೆ ಪಾದದ ಸುದ್ದಿ ಯಾಕೆ ನಿಂತಿತು? ಮಂಡ್ಯದವರಿಗೆ ಇದನ್ನು ಹೇಳುವುದು ಸುಲಭ. ಕನ್ನಂಬಾಡಿಯಿಂದ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಡುತ್ತಾರೆ. ನೀರು ಸ್ವಲ್ಪ ಕಮ್ಮಿಯಾದರೂ ಮೊದಲು ಒಣಗುವುದು ಕೊನೇ ಭಾಗದ ಗದ್ದೆ. ನರಗಳೂ ಹಾಗೆಯೇ. ಸೊಂಟದ ಹತ್ತಿರದಿಂದ ಕಾಲ್ಬೆರಳ ತುದಿಗೆ ಹೋಗುವ ಒಂದು ನರತಂತು ಹತ್ತಿರ ಹತ್ತಿರ ಒಂದು ಮೀಟರ್ ಉದ್ದ ಇರುತ್ತದೆ. ಅಷ್ಟು ಉದ್ದಕ್ಕೂ ಬೇಕಾದ ಸಾಮಾನು ಬುಡದಲ್ಲಿರುವ ಕೋಶದಿಂದಲೇ ಹೋಗಬೇಕು. ಎಲ್ಲೇ ಎಡವಟ್ಟಾದರೂ ಮೊದಲು ಒಣಗುವುದು ತುದಿ. ಆದ್ದರಿಂದಲೇ ಜೋಮು ಎರಡೂ ಕಾಲಿನ ಬೆರಳಿನಿಂದ ಶುರುವಾಗುತ್ತದೆ. ಆಮೇಲೆ ಕಾಲುಚೀಲದ ಹಾಗೆ ಮೇಲಕ್ಕೆ ಹತ್ತುತ್ತದೆ. ಮೊಣಕಾಲಿನ ಹತ್ತಿರ ಬರುವ ಹೊತ್ತಿಗೆ ಕೈಬೆರಳಿನ ತುದಿಯಲ್ಲೂ ಕಾಣಿಸಿಕೊಳ್ಳುತ್ತದೆ.

ಎಚ್‌ಐವಿ ಇರುವವರಲ್ಲಿ ಅತಿ ಹೆಚ್ಚು ಕಾಣುವ ನರದ ತೊಂದರೆ ಇದೇ. ಬೇರೆ ಬೇರೆ ಅಧ್ಯಯನಗಳಲ್ಲಿ ಮೂವರಲ್ಲಿ ಒಬ್ಬರಿಂದ ಹಿಡಿದು ಅರ್ಧಕ್ಕರ್ಧ ಜನರವರೆಗೆ ಲೆಕ್ಕ ಸಿಕ್ಕಿದೆ. ಮೊದಮೊದಲು ಪಾದ ಉರಿಯುತ್ತದೆ. ರಾತ್ರಿ ಹೊದಿಕೆ ತಾಗಿದರೂ ಸಹಿಸಲಾಗದಷ್ಟು. ಆಮೇಲೆ ಉರಿ ಕಡಿಮೆಯಾಗಿ ಮರಗಟ್ಟುತ್ತದೆ. ಉರಿ ಹೋಯಿತು, ವಾಸಿಯಾಯಿತು ಅಂತ ಜನ ಅಂದುಕೊಳ್ಳುತ್ತಾರೆ. ಉರಿ ಹೇಳುವುದಕ್ಕೂ ಅಲ್ಲಿ ನರ ಉಳಿದಿಲ್ಲ ಅನ್ನುವುದೂ ಅದರ ಅರ್ಥ ಆಗಿರಬಹುದು.

ಇಲ್ಲಿ ವೈರಸ್ ಒಂದೇ ತಪ್ಪಿತಸ್ಥ ಅಲ್ಲ. 2004ರ ಏಪ್ರಿಲ್ 1ರಂದು ಸರ್ಕಾರ ಎಚ್‌ಐವಿ ಮಾತ್ರೆಗಳನ್ನು ಉಚಿತವಾಗಿ ಕೊಡಲು ಶುರು ಮಾಡಿತು. ಅವತ್ತಿನ ಮಾತ್ರೆಯಲ್ಲಿ ಸ್ಟಾವುಡಿನ್ ಅಂತ ಒಂದು ಔಷಧ ಇರುತ್ತಿತ್ತು. ಎಷ್ಟೋ ಜನರ ಜೀವ ಉಳಿಸಿದ ಔಷಧ ಅದು. ಎಷ್ಟೋ ಜನರ ಪಾದದ ನರ ಸುಟ್ಟದ್ದೂ ಅದೇ. ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಕ್ಕೆ ಅದು ಪೆಟ್ಟು ಕೊಡುತ್ತಿತ್ತು. ಉದ್ದದ ನರಕ್ಕೆ ಶಕ್ತಿ ಜಾಸ್ತಿ ಬೇಕು, ಹಾಗಾಗಿ ಪೆಟ್ಟು ತಾಗಿದ್ದು ಪಾದಕ್ಕೆ. 2009ರ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಹಂತಹಂತವಾಗಿ ಬಿಡಿ ಅಂತ ಹೇಳಿತು. ಎಚ್‌ಐವಿ ಮಾತ್ರೆಗಳ ಚಿಕಿತ್ಸೆಗೆ ಎಆರ್‌ಟಿ ಅನ್ನುತ್ತಾರೆ. ಈಗ ಎಆರ್‌ಟಿ ಸೆಂಟರಿನಲ್ಲಿ ಹೆಚ್ಚಿನವರಿಗೆ ಕೊಡುವ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ಮಾತ್ರೆಯಲ್ಲಿ ಈ ತೊಂದರೆ ಇಲ್ಲ. ಆದರೆ ಆಗ ಕೆಟ್ಟ ನರ ಎಲ್ಲರಲ್ಲೂ ಪೂರ್ತಿ ಸರಿಹೋಗಿಲ್ಲ. ಹಳೇ ಪೇಷಂಟುಗಳ ಫೈಲು ತಿರುವಿದರೆ ಮೊದಲ ಪುಟಗಳಲ್ಲೇ ಆ ಹೆಸರು ಸಿಗುತ್ತದೆ. ನಮ್ಮ ರೈತರ ಫೈಲಿನಲ್ಲೂ ಸಿಕ್ಕಿತು.

ಟಿಬಿಗೆ ಕೊಡುವ ಐಸೊನಿಯಾಜಿಡ್ ಕೂಡ ನರಕ್ಕೆ ತೊಂದರೆ ಕೊಡಬಲ್ಲದು. ಅದರ ಜೊತೆ ವಿಟಮಿನ್ ಬಿ6 ಮಾತ್ರೆ ಕೊಡುವುದು ಅದಕ್ಕೇ. "ಇದು ಬರೀ ಶಕ್ತಿ ಮಾತ್ರೆ" ಅಂತ ಅದನ್ನು ಬಿಸಾಡುವವರನ್ನು ನೋಡಿದ್ದೇನೆ. ಇವುಗಳ ಜೊತೆಗೆ ಶುಗರ್ ಇದ್ದರೆ, ಕುಡಿತ ಇದ್ದರೆ ಇನ್ನೂ ಕಷ್ಟ.

ಈಗ ಸ್ವಲ್ಪ ಮೇಲಕ್ಕೆ, ಬೆನ್ನುಹುರಿಗೆ ಹೋಗೋಣ. ಪಾದದ ಸುದ್ದಿ ಮೆದುಳಿಗೆ ಹೋಗುವುದು ಬೆನ್ನುಹುರಿಯ ಹಿಂಬದಿಯ ದಾರಿಯಲ್ಲಿ. "ಕಾಲೆತ್ತು" ಅನ್ನುವ ಆಜ್ಞೆ ಕೆಳಗೆ ಬರುವುದು ಪಕ್ಕದ ದಾರಿಯಲ್ಲಿ. ಮಾತ್ರೆ ಸಿಗದ ಕಾಲದಲ್ಲಿ ಎಚ್‌ಐವಿ ಮುಂದುವರಿದವರಲ್ಲಿ ಈ ಎರಡೂ ದಾರಿಯ ಹೊದಿಕೆ ಊದಿ, ನಡುನಡುವೆ ಸಣ್ಣ ಸಣ್ಣ ಪೊಳ್ಳುಗಳಾಗುತ್ತಿದ್ದವು. 1985ರಲ್ಲಿ ಅಮೆರಿಕದ ವೈದ್ಯರು ಏಡ್ಸ್‌ನಿಂದ ತೀರಿಕೊಂಡ 89 ಜನರ ಶವಪರೀಕ್ಷೆಯಲ್ಲಿ 20 ಜನರ ಬೆನ್ನುಹುರಿಯಲ್ಲಿ ಇದನ್ನು ಕಂಡು ಬರೆದರು. ಇದರ ನಡಿಗೆ ಬೇರೆ ಥರ. ಕಾಲು ಸೋತಿರುವುದಕ್ಕಿಂತ ಹೆಚ್ಚಾಗಿ ಬಿಗಿಯಾಗಿರುತ್ತದೆ. ಮರದ ಕಾಲು ಎಳೆದ ಹಾಗೆ ಎಳೆಯುತ್ತಾರೆ. ಮೆಟ್ಟಿನ ಮುಂಭಾಗ ಸವೆದಿರುತ್ತದೆ. ಮೂತ್ರ ಬಂತು ಅಂದರೆ ಬಚ್ಚಲು ಮುಟ್ಟುವಷ್ಟು ಹೊತ್ತೂ ತಡೆಯಲಾಗದು. ಇದನ್ನು ಹೇಳಲು ನಾಚಿಕೊಳ್ಳುತ್ತಾರೆ, ಕೇಳಿದರೆ ಮಾತ್ರ ಹೇಳುತ್ತಾರೆ. ನಾನು ಕೇಳಿಯೇ ಕೇಳುತ್ತೇನೆ.

ಈ ಬೆನ್ನುಹುರಿಯ ತೊಂದರೆಗೂ ವಿಟಮಿನ್ ಬಿ12 ಕೊರತೆಗೂ ಅವಳಿ ಜವಳಿಯಷ್ಟು ಹೋಲಿಕೆ. ಕೆಡುವ ದಾರಿಗಳು ಅವೇ, ನಡಿಗೆಯೂ ಅದೇ. ವ್ಯತ್ಯಾಸ ಏನಪ್ಪಾ ಅಂದರೆ, ಬಿ12 ಕೊರತೆಗೆ ಇಂಜೆಕ್ಷನ್ ಇದೆ. ಬೇಗ ಕೊಟ್ಟರೆ ಚೆನ್ನಾಗಿ ಸುಧಾರಿಸುತ್ತದೆ. ತಡವಾದರೆ ಅಷ್ಟಿಲ್ಲ. ಮಾಂಸ, ಮೊಟ್ಟೆ ತಿನ್ನದ, ಹಾಲು ಮೊಸರೂ ಕಡಿಮೆ ಇರುವ ಮನೆಗಳಲ್ಲಿ, ಶುಗರ್‌ಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಈ ಕೊರತೆ ಸಾಮಾನ್ಯ. ಎಚ್‌ಐವಿ ಅಂತ ಫೈಲಿನ ಮೇಲೆ ಬರೆದಿದೆ ಅನ್ನುವ ಒಂದೇ ಕಾರಣಕ್ಕೆ ಬಿ12 ನೋಡದೆ ಬಿಟ್ಟರೆ ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ. ನಮ್ಮ ರೈತರು ತಿರುಗಿದ ಎರಡು ಕಡೆ ಹಾಗೇ ಆಗಿತ್ತು. "ಇದು ನಿಮ್ಮ ಹಳೇ ಕಾಯಿಲೆಯದ್ದೇ" ಅಂತ ನೋವಿನ ಮಾತ್ರೆ ಕೊಟ್ಟು ಕಳಿಸಿದ್ದರು. ಆಮೇಲೆ ಎಆರ್‌ಟಿ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಬಿ12 ತಳ ಮುಟ್ಟಿತ್ತು. ಸ್ಟಾವುಡಿನ್ ಸುಟ್ಟ ನರದ ಮೇಲೆ ಬಿ12 ಕೊರತೆಯೂ ಕೂತಿತ್ತು.

ಬೆನ್ನುಮೂಳೆಗೆ ಟಿಬಿ ಬಂದರೂ ಕಾಲು ಬಿಗಿಯುತ್ತದೆ. ಅಲ್ಲಿ ಬೆನ್ನಿನ ಒಂದೇ ಜಾಗದಲ್ಲಿ ನೋವು ಇರುತ್ತದೆ, ತಟ್ಟಿದರೆ ಜಾಸ್ತಿಯಾಗುತ್ತದೆ. ಎಂಆರ್‌ಐ ಮಾಡಿಸಿದರೆ ತಿಳಿಯುತ್ತದೆ. ಔಷಧ ಇದೆ. ಸಿಫಿಲಿಸ್ ಕೂಡ ಹಳೆಯದಾದರೆ ಬೆನ್ನುಹುರಿಗೆ ಹೋಗಬಲ್ಲದು. ಅದಕ್ಕೂ ರಕ್ತ ಪರೀಕ್ಷೆ ಇದೆ, ಪೆನಿಸಿಲಿನ್ ಇದೆ.

ಇನ್ನು ಮೆದುಳು. ರಕ್ತದಲ್ಲಿರುವುದೆಲ್ಲ ಮೆದುಳಿನೊಳಕ್ಕೆ ಹೋಗದಂತೆ ಒಂದು ತಡೆ ಇದೆ. ಚೆಕ್‌ಪೋಸ್ಟ್ ಅಂದುಕೊಳ್ಳಿ. ಎಚ್‌ಐವಿ ಅದನ್ನು ಹೇಗೆ ದಾಟುತ್ತದೆ? ಮೆದುಳಿಗೆ ಗಸ್ತು ಹೋಗುವ ಬಿಳಿ ರಕ್ತಕಣಗಳಿವೆ. ವೈರಸ್ ಅವುಗಳೊಳಗೆ ಕೂತು ಹೋಗುತ್ತದೆ. ಕಳ್ಳ ಪೊಲೀಸ್ ಜೀಪಿನಲ್ಲೇ ಕೂತು ಚೆಕ್‌ಪೋಸ್ಟ್ ದಾಟಿದ ಹಾಗೆ. ಇದು ಕಾಯಿಲೆ ಬಲಿತ ಮೇಲೆ ಆಗುವ ಕೆಲಸವೂ ಅಲ್ಲ. ಸೋಂಕು ತಗುಲಿದ ಎಂಟೇ ದಿನಕ್ಕೆ, ಮೆದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ಬೆನ್ನುನೀರಿನಲ್ಲಿ ವೈರಸ್ ಸಿಕ್ಕ ದಾಖಲೆ ಇದೆ.

ಒಳಗೆ ಹೋದ ಮೇಲೆ ಅದು ನರಕೋಶಕ್ಕೆ ನೇರವಾಗಿ ಕೈ ಹಾಕುವುದಿಲ್ಲ. ಮೆದುಳಿನ ಕಾವಲು ಕೋಶಗಳನ್ನು ಹಿಡಿಯುತ್ತದೆ. ಕಾವಲಿನವರು ಗಾಬರಿಯಾಗಿ ಸಿಕ್ಕಸಿಕ್ಕ ಕಡೆ ವಿಷ ಕಾರುತ್ತಾರೆ. ಅಕ್ಕಪಕ್ಕದ ನರಕೋಶ ಅದರಲ್ಲಿ ಬೇಯುತ್ತದೆ. ಈ ಗಲಾಟೆ ಜಾಸ್ತಿ ನಡೆಯುವ ಒಂದು ಜಾಗ ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ. ಚಲನೆಯ ವೇಗ, ಸಲೀಸು, ಲಯ ಎಲ್ಲವನ್ನೂ ನೋಡಿಕೊಳ್ಳುವ ಜಾಗ ಅದು. ಪಾರ್ಕಿನ್ಸನ್ ಕಾಯಿಲೆ ಕೆಡಿಸುವುದೂ ಇದೇ ಜಾಗದ ವ್ಯವಸ್ಥೆಯನ್ನು.

ಹೂ ಕಟ್ಟುವ ಹೆಂಗಸೊಬ್ಬರು ಬಂದಿದ್ದರು. ಬೀಳುತ್ತಿರಲಿಲ್ಲ. ಜೋಮು ಇರಲಿಲ್ಲ. ಅವರ ದೂರು ಇಷ್ಟೇ: "ನಾನ್ ಒಂದ್ ಮಾರು ಕಟ್ಟೋ ಹೊತ್ಗೆ ಪಕ್ಕದೋಳು ಎರಡ್ ಮಾರು ಕಟ್ಟಿರ್ತಾಳೆ." ದೇವರಾಜ ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಕಟ್ಟುವವರ ಬೆರಳು ನೋಡಿದ್ದೀರಲ್ಲ? ಕಣ್ಣು ಗಿರಾಕಿಯ ಮೇಲೆ, ಬಾಯಿ ಚೌಕಾಸಿಯಲ್ಲಿ, ಬೆರಳು ಮಾತ್ರ ತನ್ನ ಪಾಡಿಗೆ ಬಾಳೆನಾರು ಸುತ್ತುತ್ತಿರುತ್ತದೆ. ಈ "ತನ್ನ ಪಾಡಿಗೆ" ಅನ್ನುವುದೇ ಬೇಸಲ್ ಗ್ಯಾಂಗ್ಲಿಯಾದ ಕೆಲಸ. ಅದು ಕೆಟ್ಟರೆ ಪ್ರತಿ ಗಂಟಿಗೂ ಗಮನ ಕೊಡಬೇಕಾಗುತ್ತದೆ. ನಾನು ಅವರಿಗೆ ಹೆಬ್ಬೆರಳು, ತೋರುಬೆರಳು ಬೇಗ ಬೇಗ ತಟ್ಟಲು ಹೇಳಿದೆ. ಮೊದಲ ಐದಾರು ಸರಿಯಿತ್ತು. ಆಮೇಲೆ ಬೆರಳು ತೆರೆಯುವ ಅಗಲ ಕಮ್ಮಿಯಾಗುತ್ತಾ, ವೇಗ ಇಳಿಯುತ್ತಾ ಹೋಯಿತು.

ಇದರ ಜೊತೆ ಯೋಚನೆಯೂ ನಿಧಾನವಾಗಬಹುದು. ಲೆಕ್ಕ ತಪ್ಪುವುದು, ಹೇಳಿದ್ದು ಮರೆಯುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು. ಮನೆಯವರು ಸೋಮಾರಿತನ ಅಂತಾರೆ, ಇಲ್ಲವೇ ಕೊರಗು ಅಂತಾರೆ. ಕೊರಗೂ ಇರಬಹುದು, ಅದನ್ನೂ ನೋಡಬೇಕು. ಎಆರ್‌ಟಿ ಸರಿಯಾಗಿ ಶುರುವಾದ ಮೇಲೆ ವಾರಗಳಿಂದ ತಿಂಗಳುಗಳೊಳಗೆ ಇದು ಸುಧಾರಿಸುವುದುಂಟು. ಹಿಂದೆ ಕಾಣುತ್ತಿದ್ದ ತೀವ್ರ ಮರೆವಿನ ಕಾಯಿಲೆ ಈಗ ಅಪರೂಪ. ಸಣ್ಣ ಮಟ್ಟದ ನಿಧಾನ ಮಾತ್ರ ಕೆಲವರಲ್ಲಿ ಉಳಿದುಬಿಡುತ್ತದೆ.

ನಮ್ಮ ಕಡೆಯ ವೈರಸ್ಸಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಭಾರತದಲ್ಲಿ ಹೆಚ್ಚಾಗಿ ಹರಡಿರುವುದು ಎಚ್‌ಐವಿ-1ರ ಸಿ ಬಗೆ. ಅಮೆರಿಕ, ಯುರೋಪಿನಲ್ಲಿ ಬಿ ಬಗೆ ಜಾಸ್ತಿ. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಉದಯಕುಮಾರ್ ರಂಗ ಅವರ ತಂಡ 2004ರಲ್ಲಿ ಒಂದು ಸ್ವಾರಸ್ಯದ ಸಂಗತಿ ತೋರಿಸಿತು. ಸಿ ಬಗೆಯ ಟ್ಯಾಟ್ ಅನ್ನುವ ಪ್ರೋಟೀನಿನಲ್ಲಿ ಒಂದು ಕೊಂಡಿ ಬದಲಾಗಿದೆ. ಅದರಿಂದ ಬಿಳಿ ರಕ್ತಕಣಗಳನ್ನು ಕರೆದು ಗುಂಪು ಕಟ್ಟಿಸುವ ಶಕ್ತಿ ಅದಕ್ಕೆ ಕಡಿಮೆ. ಹಾಗಾದರೆ ನಮ್ಮವರ ಮೆದುಳು ಬಚಾವು ಅಂತ ಅನ್ನಿಸಿತ್ತು. ಅಷ್ಟು ಸಲೀಸಲ್ಲ. 2007ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ಅಧ್ಯಯನವೊಂದರಲ್ಲಿ, ಸಿ ಬಗೆಯ ಸೋಂಕಿದ್ದು ಇನ್ನೂ ಎಆರ್‌ಟಿ ಶುರು ಮಾಡದವರಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ ಯೋಚನೆ, ನೆನಪಿನಲ್ಲಿ ಒಂದಲ್ಲ ಒಂದು ಮಟ್ಟದ ಕೊರತೆ ಸಿಕ್ಕಿತು.

ಈ ನಿಧಾನದ ವಿಷಯದಲ್ಲಿ ಇನ್ನೊಂದು ಎಚ್ಚರ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಮಾನಸಿಕ ತೊಂದರೆಗೆ ಕೊಡುವ ಹ್ಯಾಲೊಪೆರಿಡಾಲ್ ಥರದ ಔಷಧಗಳು ಚಲನೆ ಸಲೀಸಾಗಲು ಮೆದುಳಿಗೆ ಬೇಕಾದ ಡೋಪಮಿನ್ ಅನ್ನುವ ರಾಸಾಯನಿಕದ ಕೆಲಸವನ್ನು ತಡೆಯುತ್ತವೆ. ಎಚ್‌ಐವಿಯಿಂದ ಆಗಲೇ ಬಳಲಿರುವ ಮೆದುಳಿಗೆ ಸಣ್ಣ ಡೋಸೇ ಸಾಕು. ಮೈ ಬಿಗಿದು, ಮುಖದ ಭಾವ ಹೋಗಿ, ನಡಿಗೆ ಪುಟ್ಟ ಪುಟ್ಟ ಹೆಜ್ಜೆಯಾಗಿಬಿಡಬಹುದು. ಹೊಸ ಮಾತ್ರೆ ಶುರುವಾದ ಕೆಲವೇ ದಿನದಲ್ಲಿ ಹೀಗಾದರೆ ಮೊದಲು ಅನುಮಾನ ಪಡಬೇಕಾದ್ದು ಆ ಮಾತ್ರೆಯ ಮೇಲೆ.

ಇಲ್ಲಿಯವರೆಗೆ ಹೇಳಿದ್ದು ತಿಂಗಳು, ವರ್ಷಗಳಲ್ಲಿ ಮೆಲ್ಲಗೆ ಬರುವವು. ನನಗೆ ಭಯ ಹುಟ್ಟಿಸುವುದು ಇವಲ್ಲ. ದಿನಗಳಲ್ಲಿ ಬರುವವು.

ರೋಗ ತಡೆಯುವ ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯಾದ ಸಿಡಿ4 ಕಣಗಳ ಲೆಕ್ಕ 200ಕ್ಕಿಂತ ಕೆಳಗೆ, ಅದರಲ್ಲೂ 100ಕ್ಕಿಂತ ಕೆಳಗೆ ಇಳಿದಾಗ, ಮೈಯಲ್ಲಿ ಸುಮ್ನೆ ಮಲಗಿದ್ದ ಹಳೆಯ ಸೋಂಕುಗಳು ಏಳುತ್ತವೆ. ಟಾಕ್ಸೊಪ್ಲಾಸ್ಮ ಒಂದು. ಬೆಕ್ಕಿನ ಮಲದಿಂದಲೋ ಸರಿಯಾಗಿ ಬೇಯದ ಮಾಂಸದಿಂದಲೋ ಯಾವತ್ತೋ ಒಳಗೆ ಬಂದ ಪರೋಪಜೀವಿ. ಅದು ಮೆದುಳಿನಲ್ಲಿ ಗಂಟು ಕಟ್ಟುತ್ತದೆ. ಸ್ಕ್ಯಾನಿನಲ್ಲಿ ಬಳೆಯ ಹಾಗೆ ಕಾಣುತ್ತದೆ. ಒಂದು ಕಡೆಯ ಕೈಕಾಲು ಸೋಲುತ್ತದೆ, ಜ್ವರ, ತಲೆನೋವು, ಫಿಟ್ಸ್ ಬರುತ್ತದೆ. ಗಂಟು ಬೇಸಲ್ ಗ್ಯಾಂಗ್ಲಿಯಾದಲ್ಲೇ ಆದರೆ ಇನ್ನೊಂದು ವಿಚಿತ್ರ ಆಗಬಹುದು. ಒಂದು ಪಕ್ಕದ ಕೈ ತನ್ನಷ್ಟಕ್ಕೆ ತಾನು ಬೀಸಾಡುತ್ತದೆ, ಹಿಡಿದರೂ ನಿಲ್ಲುವುದಿಲ್ಲ. ಇಂಥದ್ದನ್ನು ಕಂಡು ಗಾಳಿ ಮೆಟ್ಟಿಕೊಂಡಿದೆ ಅಂತ ಮಂತ್ರ ಹಾಕಿಸಲು ಹೋದರೆ ಬೆಲೆಬಾಳುವ ದಿನಗಳು ಕಳೆದುಹೋಗುತ್ತವೆ. ಸರಿಯಾದ ಔಷಧ ಶುರು ಮಾಡಿದರೆ ಹೆಚ್ಚಿನವರಲ್ಲಿ ಒಂದೆರಡು ವಾರದಲ್ಲೇ ಸುಧಾರಣೆ ಕಾಣುತ್ತದೆ. ಸಿಡಿ4 ಕಡಿಮೆ ಇರುವವರಿಗೆ ದಿನಾ ಕೊಡುವ ಕೋಟ್ರೈಮಾಕ್ಸಜೋಲ್ ಮಾತ್ರೆ ಈ ಗಂಟು ಬರದಂತೆಯೂ ಕಾಯುತ್ತದೆ.

ನಮ್ಮ ದೇಶದಲ್ಲಿ ಇದಕ್ಕಿಂತ ಹೆಚ್ಚಾಗಿ ಯೋಚಿಸಬೇಕಾದ್ದು ಟಿಬಿ. ಮೆದುಳಿನ ಪೊರೆಗೆ ಟಿಬಿ ತಗುಲಿದರೆ ವಾರಗಟ್ಟಲೆ ಸಣ್ಣ ಜ್ವರ, ತಲೆನೋವು, ವಾಂತಿ. ಆಮೇಲೆ ಮಂಕು. ಪೊರೆಯ ಪಕ್ಕದ ರಕ್ತನಾಳ ಮುಚ್ಚಿ ಲಕ್ವ ಹೊಡೆಯಬಹುದು. ಮೆದುಳಿನಲ್ಲಿ ನೀರು ತುಂಬಿ ನಡಿಗೆ ಕೆಡಬಹುದು. ಕ್ರಿಪ್ಟೊಕಾಕಸ್ ಅನ್ನುವ ಶಿಲೀಂಧ್ರವೂ ಹೀಗೇ ತಲೆನೋವಿನಿಂದ ಶುರುವಾಗುತ್ತದೆ, ಒಂದು ವಸ್ತು ಎರಡಾಗಿ ಕಾಣಬಹುದು. ಎರಡಕ್ಕೂ ಬೆನ್ನಿನಿಂದ ನೀರು ತೆಗೆದು ನೋಡಬೇಕು. "ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡರೆ ಕಾಲು ಹೋಗುತ್ತೆ" ಅನ್ನುವ ಹೆದರಿಕೆ ನಮ್ಮಲ್ಲಿ ಬಹಳ. ಸೂಜಿ ಹೋಗುವುದು ಬೆನ್ನುಹುರಿ ಮುಗಿದ ಜಾಗದ ಕೆಳಗೆ. ಕಾಲು ಹೋಗುವುದು ಸೂಜಿಯಿಂದಲ್ಲ, ಪರೀಕ್ಷೆ ತಡವಾಗುವುದರಿಂದ.

ಜೆಸಿ ವೈರಸ್ಸಿನದು ಇನ್ನೊಂದು ಕಥೆ. 1971ರಲ್ಲಿ ಇದು ಮೊದಲು ಸಿಕ್ಕ ಪೇಷಂಟಿನ ಹೆಸರಿನ ಎರಡು ಅಕ್ಷರವನ್ನೇ ಅದಕ್ಕೆ ಇಟ್ಟಿದ್ದಾರೆ. ದೊಡ್ಡವರಲ್ಲಿ ಬಹಳಷ್ಟು ಜನರ ಮೈಯಲ್ಲಿ ಇದು ಏನೂ ಮಾಡದೆ ಇರುತ್ತದೆ. ರೋಗ ತಡೆಯುವ ಶಕ್ತಿ ಬಿದ್ದಾಗ ಎದ್ದು, ನರದ ತಂತಿಗೆ ಹೊದಿಕೆ ಹಾಕುವ ಕೋಶಗಳನ್ನು ಕೊಲ್ಲುತ್ತದೆ. ಕಿರುಮೆದುಳಿಗೆ ಬಂದರೆ ನಡಿಗೆ ಪಕ್ಕಾ ಕುಡಿದವರದ್ದೇ. ಕಾಲು ಅಗಲಿಸಿ, ಓಲಾಡಿ ನಡೆಯುತ್ತಾರೆ, ಮಾತು ತೊದಲುತ್ತದೆ, ಲೋಟ ಹಿಡಿಯಲು ಹೋದ ಕೈ ಲೋಟ ದಾಟಿ ಹೋಗುತ್ತದೆ. ಪಾದದ ಸುದ್ದಿ ನಿಂತವರಿಗೂ ಇವರಿಗೂ ವ್ಯತ್ಯಾಸ ಇದೆ. ಇವರು ಕಣ್ಣು ತೆರೆದಿದ್ದರೂ ಓಲಾಡುತ್ತಾರೆ. ಈ ವೈರಸ್ಸಿಗೆ ಅಂತ ನೇರ ಔಷಧ ಇಲ್ಲ. ಎಆರ್‌ಟಿಯಿಂದ ಮೈಯ ಶಕ್ತಿ ವಾಪಸ್ ಬರಬೇಕು, ಅದೇ ದಾರಿ.

ಕಿರುಮೆದುಳಿನ ಹಾಗೆ ಓಲಾಡಿಸುವ ಇನ್ನೊಂದು ಕಾರಣ ಮಾತ್ರೆಯಲ್ಲೇ ಇರಬಹುದು. ಎಫಾವಿರೆನ್ಜ್ ಅನ್ನುವ ಎಚ್‌ಐವಿ ಮಾತ್ರೆ ತೆಗೆದುಕೊಂಡವರಿಗೆ ತಲೆಸುತ್ತು, ಬಣ್ಣಬಣ್ಣದ ಕನಸು ಗೊತ್ತೇ ಇದೆ. ಕೆಲವರ ಲಿವರ್ ಅದನ್ನು ಬಹಳ ನಿಧಾನವಾಗಿ ಕರಗಿಸುತ್ತದೆ, ಅದು ಹುಟ್ಟಿನಿಂದ ಬಂದ ಗುಣ. ಅಂಥವರಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಆದ ಮೇಲೂ ಔಷಧ ರಕ್ತದಲ್ಲಿ ಜಾಸ್ತಿಯಾಗಿ ನಡಿಗೆ ಕೆಟ್ಟದ್ದನ್ನು ದಕ್ಷಿಣ ಆಫ್ರಿಕಾದ ವೈದ್ಯರು ಬರೆದಿದ್ದಾರೆ. ಮಾತ್ರೆ ಬದಲಿಸಿದರೆ ಹೆಚ್ಚಿನವರು ಸುಧಾರಿಸುತ್ತಾರೆ. ಜಿಡೋವುಡಿನ್ ಅನ್ನುವ ಇನ್ನೊಂದು ಎಚ್‌ಐವಿ ಮಾತ್ರೆ ಸ್ನಾಯುವನ್ನೇ ಸೊರಗಿಸಬಲ್ಲದು. ಅಂಥವರು ನೆಲದ ಮೇಲೆ ಚೆನ್ನಾಗಿ ನಡೆಯುತ್ತಾರೆ, ಇಂಡಿಯನ್ ಟಾಯ್ಲೆಟ್ಟಿನಲ್ಲಿ ಕೂತರೆ ಏಳಲಾಗುವುದಿಲ್ಲ. ಇದನ್ನೆಲ್ಲ ಓದಿ ಯಾರೂ ತಾವೇ ಮಾತ್ರೆ ನಿಲ್ಲಿಸಬಾರದು. ಬದಲಿಸುವ ಕೆಲಸ ಎಆರ್‌ಟಿ ಸೆಂಟರಿನದು.

ಲಕ್ವದ ಬಗ್ಗೆ ಒಂದೇ ಮಾತು. ಬಾಯಿ ಸೊಟ್ಟಗಾಯಿತು, ಒಂದು ಕೈ ಬಿತ್ತು, ಮಾತು ನಿಂತಿತು ಅಂದರೆ ಗಡಿಯಾರ ನೋಡಿಕೊಂಡು ಹೊರಡಿ. ಸೀದಾ ಸ್ಕ್ಯಾನ್ ಇರುವ ಆಸ್ಪತ್ರೆಗೆ. ಗಂಟೆಗಳ ಲೆಕ್ಕ ಅದು. ಹಾಗೆಯೇ ಎರಡೂ ಕಾಲು ಕೆಲವೇ ದಿನದಲ್ಲಿ ಸೋತು, ಮೂತ್ರ ನಿಂತರೂ ಕಾಯಬೇಡಿ. ಸಿಡಿ4 ತೀರಾ ಕಡಿಮೆ ಇರುವವರಲ್ಲಿ ಸಿಎಂವಿ ಅನ್ನುವ ವೈರಸ್ ಬೆನ್ನುಹುರಿಯ ತುದಿಯ ನರಗಳಿಗೆ ಬಂದು ಹೀಗೆ ಮಾಡುತ್ತದೆ. ಅದಕ್ಕೂ ಔಷಧ ಇದೆ.

ಎಆರ್‌ಟಿ ಶುರು ಮಾಡಿದ ಮೇಲೆ ತೊಂದರೆ ಇದ್ದಕ್ಕಿದ್ದ ಹಾಗೆ ಜಾಸ್ತಿಯಾಯಿತು ಅಂತ ಮಾತ್ರೆ ಬಿಡುವವರಿದ್ದಾರೆ. ಮೈಗೆ ಶಕ್ತಿ ಬಂದಾಗ ಒಳಗೆ ಅಡಗಿದ್ದ ಸೋಂಕಿನ ಮೇಲೆ ಅದು ಒಮ್ಮೆಲೇ ಎಗರಿ ಬೀಳುತ್ತದೆ. ಆ ಜಗಳದ ಊತ ಅದು. ಮೆದುಳಿಗೆ ಟಿಬಿ ಇದ್ದಾಗ ಎಆರ್‌ಟಿಯನ್ನು ಬೇಕಂತಲೇ ಕೆಲವು ವಾರ ತಡ ಮಾಡಿ ಶುರು ಮಾಡುವುದು ಇದಕ್ಕೇ. ಫಿಟ್ಸ್ ಬಂದವರು ಇನ್ನೊಂದು ನೆನಪಿಡಬೇಕು. ಫೆನಿಟಾಯ್ನ್, ಕಾರ್ಬಮಜೆಪಿನ್ ಥರದ ಮಾತ್ರೆಗಳು ಡೊಲುಟೆಗ್ರಾವಿರ್ ಬಲವನ್ನು ಕುಗ್ಗಿಸುತ್ತವೆ. ಆಸಿಡಿಟಿ ಸಿರಪ್ಪೂ ಅದರ ಜೊತೆಗೇ ಕುಡಿದರೆ ತೊಂದರೆ. ಯಾವ ಡಾಕ್ಟರ ಹತ್ತಿರ ಹೋದರೂ ಎಆರ್‌ಟಿ ಪುಸ್ತಕ ಜೇಬಿನಲ್ಲಿರಲಿ.

ತೋರಿಸಲು ಸಂಕೋಚ ಅನ್ನುವವರಿಗೆ: 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಎಚ್‌ಐವಿ ಇದೆ ಅಂತ ಚಿಕಿತ್ಸೆ ಕೊಡದೆ ಕಳಿಸುವಂತಿಲ್ಲ, ಕೆಲಸದಿಂದ ತೆಗೆಯುವಂತಿಲ್ಲ. ನಿಮ್ಮ ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ಹೇಳುವಂತೆಯೂ ಇಲ್ಲ, ಕಾನೂನು ಹೇಳಿದ ಕೆಲವು ಸಂದರ್ಭ ಬಿಟ್ಟು. ಫೋನಿನಲ್ಲಿ ಕೇಳುವುದಾದರೆ 1097. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್, ಎರಡೂ ಕಡೆ ಎಆರ್‌ಟಿ ಸೆಂಟರ್ ಇದೆ. ಮಾತು ತೊದಲುವವರಿಗೆ, ನುಂಗುವಾಗ ನೆತ್ತಿಗೇರುವವರಿಗೆ ಮಾನಸಗಂಗೋತ್ರಿಯ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದ ಇದೆ. ದೂರದ ಊರಿನವರು ಹುಡುಕಿಕೊಂಡು ಬರುತ್ತಾರೆ, ನಮ್ಮೂರಿನವರಿಗೇ ನೆನಪಾಗುವುದಿಲ್ಲ.

ಈಗ ನನ್ನ ಪಾಲಿನ ಕೆಲಸ. ನಮ್ಮ ರೈತರಿಗೆ ಬಿ12 ಇಂಜೆಕ್ಷನ್ ಶುರುವಾಯಿತು. ಮೆಟ್ಟು ಬದಲಿಸಿದೆವು, ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್. ರಾತ್ರಿ ಬಚ್ಚಲಿಗೆ ಹೋಗುವ ದಾರಿಗೆ ಒಂದು ಸಣ್ಣ ಬಲ್ಬು. ಮುಖ ತೊಳೆಯುವಾಗ ಸ್ಟೂಲಿನ ಮೇಲೆ ಕೂರುವುದು. ಬಿಸಿನೀರನ್ನು ಕಾಲಿಗೆ ಹುಯ್ದುಕೊಳ್ಳುವ ಮೊದಲು ಹೆಂಡತಿ ಕೈ ಅದ್ದಿ ನೋಡುವುದು, ಯಾಕೆಂದರೆ ಆ ಕಾಲಿಗೆ ಸುಟ್ಟರೂ ತಿಳಿಯದು. ರಾತ್ರಿ ಮಲಗುವ ಮುಂಚೆ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುವುದು. ಕಬ್ಬಿನ ಕೂಳೆ ಚುಚ್ಚಿ ವಾರವಾದರೂ ಗೊತ್ತಾಗದವರನ್ನು ನಾನು ನೋಡಿದ್ದೇನೆ.

ಆಮೇಲೆ ವ್ಯಾಯಾಮ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಫ್ರೆಂಕೆಲ್ ಅನ್ನುವ ವೈದ್ಯರಿದ್ದರು. ಸಿಫಿಲಿಸ್ಸಿನಿಂದ ಬೆನ್ನುಹುರಿ ಕೆಟ್ಟು ಹೀಗೇ ಕಾಲಿನ ಸುದ್ದಿ ಕಳೆದುಕೊಂಡವರಿಗೆ ಅವರು ಒಂದು ಉಪಾಯ ಮಾಡಿದರು. ನೆಲದ ಮೇಲೆ ಗುರುತು ಹಾಕಿ, ಕಣ್ಣಿನಿಂದ ನೋಡುತ್ತಾ, ಎಣಿಸುತ್ತಾ, ನಿಧಾನವಾಗಿ ಅದೇ ಗುರುತಿನ ಮೇಲೆ ಪಾದ ಇಡಿಸುವುದು. ಹೋದ ನರ ಇದರಿಂದ ವಾಪಸ್ ಬರುವುದಿಲ್ಲ. ಕಣ್ಣಿಗೆ ಕಾಲಿನ ಕೆಲಸ ಕಲಿಸುತ್ತೇವೆ ಅಷ್ಟೇ. ಅವಸರ ಮಾಡಿದರೆ ಕೆಟ್ಟಿತು.

ಮನೆಯಲ್ಲಿ ಗುರುತು ಹೇಗೆ ಹಾಕುವುದು ಅಂತ ನಾನು ಟೇಪು, ಸೀಮೆಸುಣ್ಣ ಅಂತ ಹೇಳುತ್ತಿದ್ದೆ. ಅವರ ಹೆಂಡತಿ "ಬುಡಿ ಸಾ, ನಾ ನೋಡ್ಕತೀನಿ" ಅಂದರು. ಬೆಳಗ್ಗೆ ಅಂಗಳ ಸಾರಿಸಿ ರಂಗೋಲಿ ಚುಕ್ಕಿ ಇಡುತ್ತಾರಲ್ಲ, ಅದನ್ನೇ ಒಂದೊಂದು ಹೆಜ್ಜೆ ದೂರಕ್ಕೆ ಇಟ್ಟರು. ನಮ್ಮ ರೈತರು ಒಂದೊಂದೇ ಚುಕ್ಕಿಯ ಪಕ್ಕ ಪಾದ ಇಡುತ್ತಾ ಬಾಗಿಲಿನಿಂದ ತುಳಸಿಕಟ್ಟೆಯವರೆಗೆ ಹೋಗಿ ಬರುತ್ತಾರಂತೆ. ಎದುರುಮನೆಯಾಕೆ ಕೇಳಿದರಂತೆ, ಚುಕ್ಕಿ ಇಟ್ಟು ಗೆರೆ ಎಳೀದೆ ಹಂಗೇ ಬುಟ್ಟಿದ್ದೀಯಲ್ಲಮ್ಮಿ ಅಂತ.

"ಅವರು ನಡೆದಾದ್ಮೇಲೆ ಎಳೀತೀನಿ ಅಂದೆ," ಅಂದರು. ಈಗ ದಿನಾ ಎಂಟು ಗಂಟೆಗೆ ಅವರ ಮನೆ ರಂಗೋಲಿ ಪೂರ್ತಿಯಾಗುತ್ತದೆ.